ಲೆಕ್ಕಕ್ಕೆ ಸಿಗದ ಕಾಯಿ: ಜಪಾನಿನ ತೋಚಿಮೋಚಿಯ ಕತೆ



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಅಂಟುವಾಳದ ಕಾಯಿ ನೋಡಿದ್ದೀರಾ? ರೇಷ್ಮೆ ಸೀರೆ ತೊಳೆಯೋಕೆ, ಬೆಳ್ಳಿ ಬಂಗಾರ ಉಜ್ಜೋಕೆ, ತಲೆಗೆ ಹಾಕ್ಕೊಳ್ಳೋಕೆ ಅಜ್ಜಿಯಂದಿರು ಬಳಸ್ತಿದ್ದ ಕಾಯಿ. ನೀರಲ್ಲಿ ನೆನೆಸಿ ಹಿಸುಕಿದ್ರೆ ಸೋಪಿನ ಹಾಗೆ ನೊರೆ ಬರುತ್ತೆ. ಈಗ ಯಾರಾದ್ರೂ ನಿಮ್ಮ ಮನೆಗೆ ಬಂದು, "ಇದರಲ್ಲಿ ಒಂದು ತಿಂಡಿ ಮಾಡ್ಕೊಡ್ತೀನಿ, ಮಕ್ಕಳಿಗೂ ಕೊಡಿ" ಅಂದ್ರೆ? ನಾನಂತೂ ಅವರನ್ನ ಅಡುಗೆಮನೆ ಒಳಗೆ ಬಿಡಲ್ಲ.

ಆದ್ರೆ ಜಪಾನಿನ ಬೆಟ್ಟದ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಇದೇ ಕೆಲಸವನ್ನ ಸಾವಿರಾರು ವರ್ಷಗಳಿಂದ ಮಾಡ್ತಾ ಬಂದಿದ್ದಾರೆ. ಅಲ್ಲಿ ತೋಚಿ ಅಂತ ಒಂದು ಮರ ಇದೆ. ಇಂಗ್ಲಿಷಿನವರು ಅದನ್ನ ಜಪಾನೀಸ್ ಹಾರ್ಸ್ ಚೆಸ್ಟ್‌ನಟ್ ಅಂತಾರೆ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಅಂಟುವಾಳದ ಕುಟುಂಬಕ್ಕೇ ಸೇರಿದ್ದು, ದಾಯಾದಿ ಅನ್ನಿ. ಅಂಟುವಾಳದಲ್ಲಿ ನೊರೆ ಬರಿಸೋ ಸಪೋನಿನ್ ಅನ್ನೋ ಅಂಶ ತೋಚಿಯ ಬೀಜದಲ್ಲೂ ಇದೆ. ಅದರ ಜೊತೆಗೆ ಬಾಯೆಲ್ಲ ಒಗರಾಗಿಸೋ ಟ್ಯಾನಿನ್ ಇದೆ. ಹಸಿಯಾಗಿ ತಿಂದ್ರೆ ಗಂಟಲು ಕೆರೆದು, ಹೊಟ್ಟೆ ತೊಳಸಿ, ವಾಂತಿ ಗ್ಯಾರಂಟಿ. ಇಂಥ ಬೀಜದಿಂದ ಅವರು ಮಾಡೋ ತಿಂಡಿಯ ಹೆಸರು ತೋಚಿಮೋಚಿ. ಮೋಚಿ ಅಂದ್ರೆ ಅಂಟು ಅಕ್ಕಿಯನ್ನ ಹಬೆಯಲ್ಲಿ ಬೇಯಿಸಿ, ಕುಟ್ಟಿ ಕುಟ್ಟಿ ಮೆತ್ತಗೆ ಮಾಡಿದ ಉಂಡೆ. ಅದಕ್ಕೆ ತೋಚಿ ಸೇರಿದ್ರೆ ಬಣ್ಣ ಕಂದಾಗುತ್ತೆ, ಸಣ್ಣದೊಂದು ಕಹಿ ಉಳಿಯುತ್ತೆ, ಕಾಡಿನ ವಾಸನೆ ಬರುತ್ತೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಾನು ಇದನ್ನ ತಿಂದಿಲ್ಲ. ಹಾಗಾಗಿ ರುಚಿ ಬಗ್ಗೆ ಭಾಷಣ ಮಾಡಲ್ಲ. ನನ್ನನ್ನ ಹಿಡಿದು ನಿಲ್ಲಿಸಿದ್ದು ಇದರ ಲೆಕ್ಕ. ನಾನು ಕಾಮರ್ಸ್ ಓದಿದವನು. ಒಂದು ವಸ್ತುವಿಗೆ ಎಷ್ಟು ದುಡಿಮೆ ಹಾಕಿದ್ವಿ, ಎಷ್ಟು ಸಿಕ್ತು ಅಂತ ನೋಡೋದು ಅಭ್ಯಾಸ. ತೋಚಿಮೋಚಿಯನ್ನ ಯಾವ ಲೆಕ್ಕದ ಪುಸ್ತಕದಲ್ಲಿ ಇಟ್ಟರೂ ಅದು ನಷ್ಟದ ಬಾಬತ್ತು. ಆದರೂ ಈ ನಷ್ಟದ ತಿಂಡಿ ಬರಗಾಲಗಳನ್ನ ದಾಟಿ, ರಾಜರುಗಳನ್ನ ದಾಟಿ ಉಳಿದುಕೊಂಡು ಬಂತು. ಕಷ್ಟ ಬಂದಿದ್ದು ನಮ್ಮ ಕಾಲದಲ್ಲಿ. ಅದು ಹೇಗೆ ಅನ್ನೋದೇ ಇವತ್ತಿನ ಸಂಚಿಕೆ.

ಹೊಳೆ, ಬಿಸಿಲು, ಬೂದಿ

ಮೊದಲು ಇದನ್ನ ಮಾಡೋದು ಹೇಗೆ ನೋಡೋಣ. ಊರಿಂದ ಊರಿಗೆ ಸಣ್ಣಪುಟ್ಟ ವ್ಯತ್ಯಾಸ ಇದೆ, ಆದ್ರೆ ದಾರಿ ಒಂದೇ.

ತೋಚಿ ದೊಡ್ಡ ಮರ. 20-30 ಮೀಟರ್ ಎತ್ತರ ಹೋಗುತ್ತೆ. ಬೆಟ್ಟದ ಕಣಿವೆಗಳಲ್ಲಿ, ಹಳ್ಳದ ಪಕ್ಕದ ತಂಪು ಜಾಗಗಳಲ್ಲಿ ಬೆಳೆಯುತ್ತೆ. ಅಂಗೈಯ ಬೆರಳುಗಳ ಹಾಗೆ ಹರಡಿಕೊಂಡ ದೊಡ್ಡ ಎಲೆ. ಸೆಪ್ಟೆಂಬರ್ ಹೊತ್ತಿಗೆ ಕಾಯಿ ಬಿದ್ದು ಒಡೆಯುತ್ತೆ, ಒಳಗಿಂದ ಪಾಲಿಶ್ ಮಾಡಿದಂತೆ ಹೊಳೆಯೋ ಕಂದು ಬೀಜ ಬರುತ್ತೆ. ಜನ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಹೋಗಿ ಆರಿಸ್ತಾರೆ.

ಮನೆಗೆ ತಂದ ಮೇಲೆ ಮೊದಲ ಕೆಲಸ, ನೀರಲ್ಲಿ ಮುಳುಗಿಸಿ ಇಡೋದು. ಒಳಗಿರೋ ಹುಳ ಸಾಯಲಿ ಅಂತ. ಆಮೇಲೆ ಬಿಸಿಲಲ್ಲಿ ಒಣಗಿಸ್ತಾರೆ. ಎರಡು ವಾರ, ಕೆಲವೊಮ್ಮೆ ಒಂದು ತಿಂಗಳು. ಕೈಯಲ್ಲಿ ಅಲ್ಲಾಡಿಸಿದ್ರೆ ಗಲಗಲ ಸದ್ದು ಬರಬೇಕು. ಹೀಗೆ ಒಣಗಿದ ತೋಚಿ ವರ್ಷಗಟ್ಟಲೆ ಕೆಡಲ್ಲ. ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿಟ್ಟುಬಿಡಬಹುದು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತಿನ್ನಬೇಕು ಅನ್ನಿಸಿದಾಗ ಮತ್ತೆ ನೀರಲ್ಲಿ ನೆನೆಸಬೇಕು, ಸಿಪ್ಪೆ ಮೆತ್ತಗಾಗಬೇಕು. ಎರಡು ಮರದ ತುಂಡುಗಳ ನಡುವೆ ಬೀಜ ಇಟ್ಟು ಒತ್ತಿ, ಒಂದೊಂದಾಗಿ ಸುಲಿಯಬೇಕು. ಮನೆಯವರೆಲ್ಲ ಸೇರಿ ಕೂತು ಮಾಡೋ ಕೆಲಸ ಅದು. ಸುಲಿದ ಬೀಜವನ್ನ ಚೀಲದಲ್ಲಿ ತುಂಬಿ ಹರಿಯೋ ಹೊಳೆಗೆ ಇಳಿಬಿಡ್ತಾರೆ. ಸುಮಾರು ಒಂದು ವಾರ ಅದು ಅಲ್ಲೇ ಇರಬೇಕು. ನಿಂತ ನೀರಾದ್ರೆ ನೊರೆಯೂ ಕಹಿಯೂ ಅಲ್ಲೇ ಉಳಿಯುತ್ತೆ, ಹರಿಯೋ ನೀರಾದ್ರೆ ತಾನೇ ಹೊತ್ತುಕೊಂಡು ಹೋಗುತ್ತೆ.

ಇಷ್ಟಾದ್ರೂ ಕಹಿ ಪೂರ್ತಿ ಹೋಗಿರಲ್ಲ. ಈಗ ಬರೋದು ಬೂದಿ. ಬೀಜವನ್ನ ಕುದಿಸಿ, ಬಿಸಿ ಇರುವಾಗಲೇ ಕಟ್ಟಿಗೆಯ ಬೂದಿ ಕಲಸಿ, ಮುಚ್ಚಿ ಒಂದೆರಡು ದಿನ ಬಿಡ್ತಾರೆ. ಓಕ್ ಜಾತಿಯಂಥ ಗಟ್ಟಿ ಮರದ ಬೂದಿಯೇ ಆಗಬೇಕು. ನಮ್ಮಲ್ಲೂ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದರಲ್ಲ, ಜಿಡ್ಡು ಬಿಡಿಸ್ತಿದ್ದದ್ದು ಬೂದಿಯ ಕ್ಷಾರ. ಅದೇ ಕ್ಷಾರ ಇಲ್ಲಿ ಸಪೋನಿನ್ನಿನ ಅಣುವಿನ ಒಂದಿಷ್ಟು ಭಾಗವನ್ನ ಮುರಿದು ಕಹಿ ತಗ್ಗಿಸುತ್ತೆ ಅಂತ ಜಪಾನಿನ ಸಂಶೋಧಕರು ಲ್ಯಾಬಿನಲ್ಲಿ ತೋರಿಸಿದ್ದಾರೆ. ಹಳ್ಳಿಯವರಿಗೆ ಅಣು ಗೊತ್ತಿರಲಿಲ್ಲ, ಅಳತೆ ಗೊತ್ತಿತ್ತು. ಬೂದಿ ಕಮ್ಮಿಯಾದ್ರೆ ಬಾಯಿಗಿಡೋಕಾಗಲ್ಲ. ಜಾಸ್ತಿಯಾದ್ರೆ ಅಥವಾ ಹೊತ್ತು ಮೀರಿದ್ರೆ ಬೀಜ ಕರಗಿ ರುಚಿಯೂ ಹೋಗುತ್ತೆ. ಬೀಜ ಎಷ್ಟು ಹಳೇದು, ಬೂದಿ ಯಾವ ಮರದ್ದು, ಹೊರಗೆ ಚಳಿ ಎಷ್ಟಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಕಡೆಗೆ ಬೂದಿ ತೊಳೆದು, ಅಂಟು ಅಕ್ಕಿ ಜೊತೆ ಹಬೆಯಲ್ಲಿ ಬೇಯಿಸಿ, ಒರಳಲ್ಲಿ ಹಾಕಿ ಮರದ ಕೊಡತಿಯಲ್ಲಿ ಕುಟ್ಟಿದ್ರೆ ತೋಚಿಮೋಚಿ.

ಈ ಕಹಿ-ಒಗರು-ಕೆರೆತ ಎಲ್ಲ ಸೇರಿದ ಗುಣಕ್ಕೆ ಜಪಾನಿ ಭಾಷೆಯಲ್ಲಿ ಒಂದೇ ಪದ ಇದೆ, 'ಅಕು'. ಅದನ್ನ ತೆಗೆಯೋ ಕೆಲಸಕ್ಕೆ 'ಅಕುನುಕಿ' ಅಂತಾರೆ. ಆರಿಸಿದ ದಿನದಿಂದ ಎಣಿಸಿದ್ರೆ ಒಂದು ಉಂಡೆ ಬಾಯಿಗೆ ಬರೋಕೆ ತಿಂಗಳ ಮೇಲಾಗುತ್ತೆ. ನಾವು ಹತ್ತು ನಿಮಿಷದಲ್ಲಿ ಬರೋ ಡೆಲಿವರಿ ಐದು ನಿಮಿಷ ತಡವಾದ್ರೆ ಆ್ಯಪ್‌ನಲ್ಲಿ ಜಗಳ ಆಡೋರು.

ಕೆರೆಯ ತಳದಲ್ಲಿ ಸಿಕ್ಕ ಸಿಪ್ಪೆ

ಹಾಗಾದ್ರೆ ಇಷ್ಟೆಲ್ಲ ತಲೆ ಓಡಿಸಿದ್ದು ಯಾರು, ಯಾವಾಗ? ಇದಕ್ಕೆ ತುಂಬಾ ಹಿಂದೆ ಹೋಗಬೇಕು.

ಜಪಾನಿನಲ್ಲಿ ಭತ್ತದ ಬೇಸಾಯ ಬರೋಕೆ ಮುಂಚಿನ ಉದ್ದನೆಯ ಕಾಲವನ್ನ ಜೋಮೋನ್ ಕಾಲ ಅಂತಾರೆ. ಸುಮಾರು 15,000 ವರ್ಷದ ಹಿಂದೆ ಶುರುವಾಗಿ, 2,400 ವರ್ಷದ ಹಿಂದಿನವರೆಗೂ ನಡೆದ ಕಾಲ. ಬೇಟೆ, ಮೀನು, ಕಾಡಿನ ಕಾಯಿ ನಂಬಿ ಬದುಕಿದ ಜನ ಅವರು. ಆದ್ರೆ ಅಲೆಮಾರಿಗಳಾಗಿ ಉಳಿಯಲಿಲ್ಲ, ಒಂದೇ ಜಾಗದಲ್ಲಿ ಊರು ಕಟ್ಟಿಕೊಂಡರು. ಜಗತ್ತಿನ ಅತಿ ಹಳೆಯ ಮಣ್ಣಿನ ಮಡಕೆಗಳಲ್ಲಿ ಅವರದ್ದೂ ಸೇರುತ್ತೆ. ಮಡಕೆ ಇದ್ದರೆ ಕುದಿಸಬಹುದು, ಕುದಿಸಬಹುದಾದ್ರೆ ಹಸಿಯಾಗಿ ತಿನ್ನಲಾಗದ ಎಷ್ಟೋ ಕಾಯಿ ಊಟಕ್ಕೆ ಬರುತ್ತೆ.

ಜಪಾನಿನ ಅತಿ ದೊಡ್ಡ ಸರೋವರ ಬಿವಾ. ಅದು ಶಿಗಾ ಪ್ರಾಂತ್ಯದಲ್ಲಿದೆ. ಅದರ ದಕ್ಷಿಣದ ತುದಿಯಲ್ಲಿ, ಓತ್ಸು ನಗರದ ಹತ್ತಿರ, ನೀರಿನ ತಳದಲ್ಲಿ ಆವಾಜು ಅನ್ನೋ ಹಳೆಯ ನೆಲೆ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಅಗೆದಾಗ ಸುಮಾರು 5,000 ವರ್ಷ ಹಳೆಯ ಕಸದ ರಾಶಿ ಸಿಕ್ತು. ಕಸ ಅಂದ್ರೆ ಊಟದ ಕಸ. ನೀರಿನಡಿ ಇದ್ದದ್ದರಿಂದ ಅದು ಕೊಳೆಯದೆ ಉಳಿದಿತ್ತು. ನೋಡಿದ್ರೆ ಪದರ ಪದರ. ಒಂದು ಪದರ ಕಪ್ಪೆಚಿಪ್ಪು, ಅದರ ಮೇಲೊಂದು ಪದರ ಕಾಯಿಗಳ ಸಿಪ್ಪೆ, ಮತ್ತೆ ಕಪ್ಪೆಚಿಪ್ಪು, ಮತ್ತೆ ಸಿಪ್ಪೆ. ಬೇಸಿಗೆಯ ಕಡೆಗೆ ಸರೋವರದ ಚಿಪ್ಪುಜೀವಿ, ಶರತ್ಕಾಲ ಬಂದ್ರೆ ಕಾಡಿನ ಕಾಯಿ. ವರ್ಷದ ಕ್ಯಾಲೆಂಡರ್ ಕಸದಲ್ಲೇ ಬರೆದಿಟ್ಟ ಹಾಗೆ. ಆ ಸಿಪ್ಪೆಗಳಲ್ಲಿ ದೊಡ್ಡ ಪಾಲು ತೋಚಿಯದ್ದು.

ಯಾರೋ ಹಸಿದವನು ಒಂದೆರಡು ತಿಂದು ಬಿಸಾಕಿದ್ದಲ್ಲ ಇದು. ಇಡೀ ಊರು ಋತುಗಟ್ಟಲೆ ತಿಂದಿದೆ. ತಿಂದಿದ್ದಾರೆ ಅಂದ ಮೇಲೆ ವಿಷ ತೆಗೆಯೋದು ಗೊತ್ತಿತ್ತು ಅಂತಲೇ ಅರ್ಥ.

ಆಮೇಲಿನ ಕಾಲದಲ್ಲಿ ಇನ್ನೂ ನೇರವಾದ ಗುರುತು ಸಿಗುತ್ತೆ. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದ ಕಾವಾಗುಚಿಯಲ್ಲಿ, ಆಕಾಯಾಮಾ ಅನ್ನೋ ನೆಲೆಯ ಜೌಗು ನೆಲದಲ್ಲಿ ಮರದ ದಿಮ್ಮಿ, ಹಲಗೆ ಜೋಡಿಸಿ ಕಟ್ಟಿದ ನೀರಿನ ಕಟ್ಟೆಗಳು ಸಿಕ್ಕಿವೆ. ಪಕ್ಕದಲ್ಲೇ ತೋಚಿ ಸಿಪ್ಪೆಯ ಗುಡ್ಡೆ. ಉತ್ತರದ ಆವೊಮೊರಿ ಪ್ರಾಂತ್ಯದ ಕೊರೆಕಾವಾ ನೆಲೆಯಲ್ಲೂ ಇಂಥದ್ದೇ ನೀರಿನ ಜಾಗ, ಇಂಥದ್ದೇ ಸಿಪ್ಪೆ. ಉತ್ತರ ಜಪಾನಿನ 17 ಜೋಮೋನ್ ನೆಲೆಗಳನ್ನ ಯುನೆಸ್ಕೋ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಕೊರೆಕಾವಾ ಅದರಲ್ಲೊಂದು. ಸುಮಾರು 4,000 ವರ್ಷದ ಹಿಂದಿನಿಂದ ಪೂರ್ವ ಜಪಾನಿನಲ್ಲಿ ತೋಚಿಯ ಬಳಕೆ ಜೋರಾಗುತ್ತೆ. ಒಬ್ಬೊಬ್ಬರೇ ಮನೆಯಲ್ಲಿ ಮಾಡ್ಕೊಳ್ಳೋ ಬದಲು ಊರೇ ಸೇರಿ ಕಟ್ಟೆ ಕಟ್ಟಿಕೊಂಡು ಮಾಡೋ ಕೆಲಸ ಆಗಿತ್ತು ಅದು.

ಈ ಮರದ ನೆಂಟರು ಬೇರೆ ದೇಶಗಳಲ್ಲೂ ಇದ್ದಾರೆ. ಅಲ್ಲೆಲ್ಲ ಏನ್ ಮಾಡಿದ್ರು? ಬ್ರಿಟನ್ನಿನ ಮಕ್ಕಳು ಇದರ ಬೀಜಕ್ಕೆ ದಾರ ಪೋಣಿಸಿ ಒಂದಕ್ಕೊಂದು ಹೊಡೆದು ಒಡೆಯೋ ಆಟ ಆಡ್ತಾರೆ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಸರ್ಕಾರವೇ ಶಾಲಾ ಮಕ್ಕಳಿಂದ ಈ ಬೀಜ ಆರಿಸಿತು. ಮದ್ದುಗುಂಡಿಗೆ ಬೇಕಾದ ಅಸಿಟೋನ್ ತಯಾರಿಸೋಕೆ. ನಮ್ಮ ಹಿಮಾಲಯದಲ್ಲೂ ಇದರದ್ದೊಂದು ಜಾತಿ ಇದೆ, ಕಾಶ್ಮೀರದಿಂದ ಉತ್ತರಾಖಂಡದವರೆಗೆ. ಅಲ್ಲಿನ ಬೆಟ್ಟದ ಜನ ಬೀಜವನ್ನ ಹರಿಯೋ ನೀರಲ್ಲಿ ದಿನಗಟ್ಟಲೆ ನೆನೆಸಿ, ಒಣಗಿಸಿ, ಹಿಟ್ಟು ಮಾಡಿ ಗೋಧಿ ಹಿಟ್ಟಿನ ಜೊತೆ ಬೆರೆಸಿ ತಿಂದಿದ್ದಾರೆ. ಬಡ ಬೆಟ್ಟದೂರಿನ ಅಗತ್ಯ ಎರಡೂ ಕಡೆ ಒಂದೇ ದಾರಿ ತೋರಿಸ್ತು.

ಅಕ್ಕಿಯ ಲೆಕ್ಕ, ಬೆಟ್ಟದ ಹೊಟ್ಟೆ

ಜೋಮೋನ್ ಕಾಲ ಮುಗಿದು ಭತ್ತ ಬಂತು. ಬಯಲು ಸೀಮೆಯಲ್ಲಿ ಗದ್ದೆಗಳಾದವು. ಮುಂದೆ ಎಡೋ ಕಾಲದಲ್ಲಿ, ಅಂದ್ರೆ 1603ರಿಂದ 1868ರವರೆಗೆ, ಇಡೀ ದೇಶದ ಅರ್ಥವ್ಯವಸ್ಥೆಯೇ ಅಕ್ಕಿಯಲ್ಲಿ ಅಳೆಯೋ ಹಾಗಾಯ್ತು. ಅಳತೆಯ ಹೆಸರು ಕೊಕು. ಒಂದು ಕೊಕು ಅಂದ್ರೆ ಸುಮಾರು 180 ಲೀಟರ್, ಹೆಚ್ಚುಕಡಿಮೆ 150 ಕೆಜಿ ಅಕ್ಕಿ. ಒಬ್ಬ ಮನುಷ್ಯನ ವರ್ಷದ ಊಟ ಅಂತ ಅಂದಾಜು. ಒಬ್ಬ ಪಾಳೇಗಾರ ಎಷ್ಟು ದೊಡ್ಡವನು ಅನ್ನೋದನ್ನ ಅವನ ನೆಲ ಎಷ್ಟು ಕೊಕು ಬೆಳೆಯುತ್ತೆ ಅನ್ನೋದರ ಮೇಲೆ ಹೇಳ್ತಿದ್ರು. ತೆರಿಗೆ ಅಕ್ಕಿಯಲ್ಲಿ, ಸಮುರಾಯ್‌ಗಳ ಸಂಬಳ ಅಕ್ಕಿಯಲ್ಲಿ.

ಆದ್ರೆ ಬೆಟ್ಟದಲ್ಲಿ ಗದ್ದೆ ಎಲ್ಲಿ ಮಾಡೋದು? ಹಿದಾ, ಹಕುಸಾನ್ ಬೆಟ್ಟಗಳ ಕಡೆ ವರ್ಷದಲ್ಲಿ ತಿಂಗಳುಗಟ್ಟಲೆ ಹಿಮ ಮುಚ್ಚಿರುತ್ತೆ. ಹಕುಸಾನ್ ಬೆಟ್ಟದ ಬುಡದ ಶಿರಾಮಿನೆ ಅನ್ನೋ ಊರಿನವರು ಕುಮರಿ ಬೇಸಾಯ ಮಾಡ್ತಿದ್ರು. ಕಾಡಿನ ತುಂಡು ಕಡಿದು ಸುಟ್ಟು, ಆ ಬೂದಿ ನೆಲದಲ್ಲಿ ಊದಲು, ನವಣೆಯಂಥ ಸಿರಿಧಾನ್ಯ ಬಿತ್ತೋದು. ಅದು ಸಾಕಾಗದ ತಿಂಗಳುಗಳಿಗೆ ತೋಚಿ. ಸರ್ಕಾರದ ಅಕ್ಕಿ ಲೆಕ್ಕದಲ್ಲಿ ಈ ಊರುಗಳ ಮೌಲ್ಯ ಹತ್ತಿರ ಹತ್ತಿರ ಸೊನ್ನೆ. ಆ ಸೊನ್ನೆಯ ಒಳಗೆ ಜನ ಊಟ ಮಾಡ್ಕೊಂಡು ಬದುಕಿದ್ರು.

ಈಗ ಅಟ್ಟದ ಮೇಲಿನ ಚೀಲ ನೆನಪು ಮಾಡ್ಕೊಳ್ಳಿ. 1782ರಿಂದ 1788ರವರೆಗೆ ಜಪಾನಿನಲ್ಲಿ ಟೆನ್‌ಮೆಯ್ ಬರ ಬಿತ್ತು. 1783ರಲ್ಲಿ ಅಸಾಮಾ ಜ್ವಾಲಾಮುಖಿ ಬೇರೆ ಸಿಡಿಯಿತು. ತಂಪು ಬೇಸಿಗೆ, ಬೆಳೆ ನಾಶ. ಉತ್ತರದ ಪ್ರಾಂತ್ಯಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸತ್ತರು. 1830ರ ದಶಕದಲ್ಲಿ ಟೆನ್‌ಪೋ ಬರ ಬಂತು. ಭತ್ತ ಒಂದು ತಂಪು ಬೇಸಿಗೆಗೆ ಸೋತು ಹೋಗುತ್ತೆ. ತೋಚಿ ಮರ ಆ ಚಳಿಯ ಬೆಟ್ಟದಲ್ಲೇ ಹುಟ್ಟಿದ್ದು. ಒಂದು ವರ್ಷ ಕಾಯಿ ಕಮ್ಮಿ ಬಿಟ್ಟರೂ, ಹಳೆಯ ವರ್ಷಗಳ ಒಣಗಿದ ಬೀಜ ಅಟ್ಟದ ಮೇಲಿರುತ್ತೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದು ಇನ್ಶೂರೆನ್ಸ್. ಕಂತು ಕಟ್ಟಿದ್ದು ದುಡ್ಡಲ್ಲಿ ಅಲ್ಲ, ದುಡಿಮೆಯಲ್ಲಿ.

ಕೆಲವು ಆಳುವವರಿಗೂ ಇದು ಅರ್ಥ ಆಯ್ತು. ಯೊನೆಜಾವಾ ಸೀಮೆಯಲ್ಲಿ 1802ರಲ್ಲಿ 'ಕಾತೆಮೊನೊ' ಅನ್ನೋ ಪುಸ್ತಕ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ರು. ಬರಗಾಲದಲ್ಲಿ ತಿನ್ನಬಹುದಾದ ಸುಮಾರು 80 ಸಸ್ಯಗಳು, ಅವನ್ನ ಹೇಗೆ ಕುದಿಸಬೇಕು, ಹೇಗೆ ನೆನೆಸಬೇಕು ಅನ್ನೋ ಕೈಪಿಡಿ ಅದು. ಹಲವು ಬೆಟ್ಟದೂರುಗಳಲ್ಲಿ ತೋಚಿ ಮರ ಕಡಿಯೋಕೆ ನಿರ್ಬಂಧ ಇತ್ತು. ಕಾಯಿ ಆರಿಸೋಕೆ ಊರೇ ಒಂದು ದಿನ ಗೊತ್ತು ಮಾಡ್ತಿತ್ತು. ಅದಕ್ಕೆ ಮುಂಚೆ ಯಾರೂ ಕಾಡಿಗೆ ಕೈ ಹಾಕೋ ಹಾಗಿಲ್ಲ. ಬಲವಿದ್ದವನು ಮೊದಲೇ ಹೋಗಿ ಬಾಚಿಕೊಂಡ್ರೆ ಉಳಿದವರ ಗತಿ?

ಬೆಟ್ಟದ ಕಡೆ ಒಂದು ಗಾದೆ ಇದೆ. ತೋಚಿ ಕಡಿಯೋನೂ ದಡ್ಡ, ತೋಚಿ ನೆಡೋನೂ ದಡ್ಡ ಅಂತ. ಕಡಿಯೋನು ಯಾಕೆ ದಡ್ಡ ಅಂತ ಗೊತ್ತಾಯ್ತು. ನೆಡೋನು ಯಾಕೆ? ಯಾಕಂದ್ರೆ ತೋಚಿ ಗಿಡ ಚೆನ್ನಾಗಿ ಕಾಯಿ ಬಿಡೋ ಹೊತ್ತಿಗೆ ನೆಟ್ಟವನಿಗೆ ವಯಸ್ಸಾಗಿರುತ್ತೆ, ಕೆಲವೊಮ್ಮೆ ಅವನೇ ಇರಲ್ಲ. ಮೊದಲ ಸಲ ಇದನ್ನ ಓದಿ ನಾನು ನಕ್ಕೆ. ಆಮೇಲೆ ಯೋಚನೆ ಮಾಡಿದ್ರೆ, ಇದು ಎಷ್ಟು ಕರಾರುವಾಕ್ಕಾದ ಲೆಕ್ಕ ಅನ್ನಿಸ್ತು. ನಿನ್ನ ಆಯುಷ್ಯದಲ್ಲಿ ಇನ್ನೊಂದು ಬೆಳೆಸೋಕೆ ನಿನ್ನಿಂದ ಆಗಲ್ಲ, ಹಾಗಾಗಿ ಇರೋದನ್ನ ಮುಟ್ಟಬೇಡ. ಇಷ್ಟೇ ಅದರ ಸಾರ.

ಬಡವರ ಊಟ ಉಡುಗೊರೆ ಡಬ್ಬಿಗೆ

ಇನ್ನೊಂದು ವಿಷಯ. ಹಳೆಯ ಕಾಲದ ಮನೆಗಳಲ್ಲಿ ತೋಚಿಯನ್ನ ಮೋಚಿ ಮಾಡಿಯೇ ತಿನ್ತಿದ್ರು ಅಂತಲ್ಲ. ಸಿರಿಧಾನ್ಯದ ಜೊತೆ ಕಲಸಿ, ಗಂಜಿಗೆ ಹಾಕಿ, ಮುದ್ದೆ ಥರ ಮಾಡಿ ತಿನ್ತಿದ್ರು. ಅಂಟು ಅಕ್ಕಿ ದುಬಾರಿ. ಹೊಸ ವರ್ಷ, ಹಬ್ಬಕ್ಕೆ ಮೋಚಿ ಆಗಬೇಕು, ಆದ್ರೆ ಅಕ್ಕಿ ಸಾಲದು. ಹಾಗಾಗಿ ತೋಚಿ ಬೆರೆಸಿ ಅಕ್ಕಿಯನ್ನ ಹಿಗ್ಗಿಸ್ತಿದ್ರು. ತೋಚಿ ಅಗ್ಗ, ಅಕ್ಕಿ ದುಬಾರಿ.

ಎರಡನೇ ಮಹಾಯುದ್ಧ ಮುಗಿದು ಎರಡು ದಶಕ ಆಗೋದರಲ್ಲಿ ಈ ತಕ್ಕಡಿ ಉಲ್ಟಾ ಆಯ್ತು. ಅಕ್ಕಿ ಎಷ್ಟು ಬೆಳೆದ್ರು ಅಂದ್ರೆ, 1970ರ ಹೊತ್ತಿಗೆ ಸರ್ಕಾರವೇ ರೈತರಿಗೆ ಭತ್ತ ಕಮ್ಮಿ ಬೆಳೆಯಿರಿ ಅಂತ ಹೇಳಬೇಕಾಯ್ತು. ಬೆಟ್ಟದ ಯುವಕರು ನಗರದ ಕಾರ್ಖಾನೆಗಳಿಗೆ ಹೋದ್ರು. ಮನೆಮನೆಗೆ ಗ್ಯಾಸ್ ಬಂತು. ಮನೆಯ ನಡುವೆ ನೆಲದಲ್ಲಿ ಇರ್ತಿದ್ದ 'ಇರೋರಿ' ಅನ್ನೋ ಬೆಂಕಿಗುಂಡಿ ಆರಿಹೋಯ್ತು. ಇರೋರಿ ಆರಿದ್ರೆ ಬೂದಿ ಇಲ್ಲ. ಸೌದೆ ಉರಿಸೋ ಮನೆಯಲ್ಲಿ ದಿನಾ ಉಳೀತಿದ್ದ, ಯಾರೂ ಬೆಲೆ ಕಟ್ಟದ ವಸ್ತು ಅದು. ಈಗ ತೋಚಿಮೋಚಿ ಮಾಡೋರು ಕಟ್ಟಿಗೆ ಸ್ಟವ್ ಇಟ್ಟುಕೊಂಡವರನ್ನ ಹುಡುಕಿ ಬೂದಿ ಕೇಳಿ ತರಬೇಕು. ಇತ್ತ ಕಟ್ಟಡದ ಮರಕ್ಕೆ ಬೇಡಿಕೆ ಬಂದು, ಎಷ್ಟೋ ಬೆಟ್ಟಗಳಲ್ಲಿ ಅಗಲ ಎಲೆಯ ಕಾಡು ತೆಗೆದು ಸುಗಿ ಅನ್ನೋ ಸೀಡರ್ ಜಾತಿಯ ಮರ ಸಾಲಾಗಿ ನೆಟ್ಟರು.

ಆ ಹೊತ್ತಿನಲ್ಲೇ, 1971ರಲ್ಲಿ, ಒಂದು ಮಕ್ಕಳ ಚಿತ್ರಪುಸ್ತಕ ಬಂತು. ಹೆಸರು 'ಮೋಚಿಮೋಚಿ ನೊ ಕಿ'. ಬರೆದವರು ಸೈತೊ ರ್ಯೂಸುಕೆ, ಚಿತ್ರ ತಾಕಿದಾಯಿರಾ ಜಿರೋ ಅವರದ್ದು. ರಾತ್ರಿ ಒಬ್ಬನೇ ಮೂತ್ರಕ್ಕೆ ಹೋಗೋಕೂ ಹೆದರೋ ಪುಟ್ಟ ಹುಡುಗ, ಅವನ ಅಜ್ಜ, ಮನೆ ಮುಂದಿನ ಭಯಂಕರ ದೊಡ್ಡ ಮರ. ಆ ಮರ ತೋಚಿ. ಅಜ್ಜನಿಗೆ ಹುಷಾರು ತಪ್ಪಿದ ರಾತ್ರಿ ಹುಡುಗ ಕತ್ತಲಲ್ಲಿ ಡಾಕ್ಟರನ್ನ ಕರೆಯೋಕೆ ಓಡ್ತಾನೆ. ಮೂರನೇ ಕ್ಲಾಸಿನ ಪಠ್ಯಪುಸ್ತಕಗಳಲ್ಲಿ ಈ ಕತೆ ಇದೆ. ಹಾಗಾಗಿ ತೋಚಿಮೋಚಿಯನ್ನ ಒಮ್ಮೆಯೂ ತಿನ್ನದ ಟೋಕಿಯೋ ಮಕ್ಕಳಿಗೂ ಈ ಮರದ ಪರಿಚಯ ಇದೆ.

ಊಟ ಮಾತ್ರ ಬೇರೆ ರೂಪ ತಾಳಿತು. ಅಕ್ಕಿ ಅಗ್ಗ, ಬೂದಿ ಹದ ಗೊತ್ತಿರೋ ಕೈ ದುಬಾರಿ. ಶಿರಾಮಿನೆಯಲ್ಲಿ, ತೊತ್ತೊರಿ ಪ್ರಾಂತ್ಯದ ಮಿಸಾಸಾ ಬಿಸಿನೀರಿನ ಬುಗ್ಗೆಯ ಊರಲ್ಲಿ ತೋಚಿಮೋಚಿ ಈಗ ಪ್ರವಾಸಿಗರು ಡಬ್ಬಿಯಲ್ಲಿ ಕಟ್ಟಿಸಿಕೊಂಡು ಹೋಗೋ ಸಿಹಿ. ಒಳಗೆ ಸಕ್ಕರೆ ಹಾಕಿದ ಕೆಂಪು ಅಜುಕಿ ಕಾಳಿನ ಹೂರಣ. ಅಕ್ಕಿ ಉಳಿಸೋಕೆ ಸೇರಿಸ್ತಿದ್ದ ಬಡ ಬೀಜವೇ ಈಗ ಆ ಉಂಡೆಯ ಬೆಲೆ ಏರಿಸೋ ಪದಾರ್ಥ.

ಒಳ್ಳೇದೇ ಆಯ್ತಲ್ಲ, ಮಾರುಕಟ್ಟೆ ಸಿಕ್ತಲ್ಲ, ಇನ್ನೇನು ತೊಂದರೆ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಹೆಲಿಕಾಪ್ಟರಿನಲ್ಲಿ ಹೋದ ಮರಗಳು

ಆವಾಜುವಿನ ಕೆರೆ ತಳದ ಸಿಪ್ಪೆ ನೆನಪಿದೆಯಲ್ಲ, ಬಿವಾ ಸರೋವರದ್ದು? ಅದೇ ಶಿಗಾ ಪ್ರಾಂತ್ಯದಲ್ಲಿ, ಬಿವಾಕ್ಕೆ ಬಂದು ಸೇರೋ ಆದೊ ನದಿಯ ಮೇಲ್ಭಾಗದಲ್ಲಿ ಕುತ್ಸುಕಿ ಅನ್ನೋ ಬೆಟ್ಟದ ಊರಿದೆ. ಸಮುದ್ರದ ಕಡೆಯಿಂದ ಕ್ಯೋಟೋಗೆ ಉಪ್ಪು ಹಾಕಿದ ಬಂಗುಡೆ ಜಾತಿಯ ಮೀನು ಹೊತ್ತು ತರ್ತಿದ್ದ ಹಳೆಯ ದಾರಿ ಅದರ ಮೂಲಕವೇ ಹೋಗುತ್ತೆ. ಅಲ್ಲಿನ ಭಾನುವಾರದ ಸಂತೆಯಲ್ಲಿ ತೋಚಿಮೋಚಿ ಹೆಸರುವಾಸಿ. ಕಾಡಲ್ಲಿ, ಸುತ್ತಳತೆಯೇ 3 ಮೀಟರ್ ಮೀರಿದ, ನೂರಾರು ವರ್ಷದ ತೋಚಿ ಮರಗಳು ಗುಂಪಾಗಿವೆ. ಹಿಂದಿನವರು ಕಡಿಯದೆ ಬಿಟ್ಟಿದ್ದಕ್ಕೆ ಉಳಿದ ಮರಗಳು.

2010ರ ಆಸುಪಾಸಿನ ವರ್ಷಗಳಲ್ಲಿ ಮರದ ವ್ಯಾಪಾರಿಗಳು ಬಂದು ಮಾಲೀಕರಿಂದ ಈ ಮರಗಳನ್ನ ಕೊಂಡರು. ಹಳೆಯ ತೋಚಿಯನ್ನ ಕೊಯ್ದರೆ ಅಲೆ ಅಲೆಯಾದ ಸುಂದರ ಗೆರೆಗಳು ಬರುತ್ತವೆ. ಒಂದೇ ಹಲಗೆಯ ದೊಡ್ಡ ಮೇಜಿಗೆ ಒಳ್ಳೆ ಬೆಲೆ. ರಸ್ತೆ ಇಲ್ಲದ ಕಣಿವೆಯಿಂದ ದಿಮ್ಮಿಗಳನ್ನ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋದರು. ಹತ್ತಾರು ದೊಡ್ಡ ಮರ ಹೀಗೆ ಹೋದವು.

ಮಾರಿದವರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ವಯಸ್ಸು ಎಂಬತ್ತರ ಹತ್ತಿರ, ಮಕ್ಕಳು ನಗರದಲ್ಲಿ, ಬೆಟ್ಟ ಹತ್ತಿ ಕಾಯಿ ಆರಿಸೋ ಶಕ್ತಿ ಇಲ್ಲ. ಕಾಡಿನ ಆ ಮರದಿಂದ ದಶಕಗಳಿಂದ ಒಂದು ಕಾಸು ಬಂದಿಲ್ಲ. ಯಾರೋ ಬಂದು ದುಡ್ಡು ಕೊಡ್ತೀನಿ ಅಂತಾರೆ. ನಮಗೆ ಕ್ಲಾಸಲ್ಲಿ ಕಲಿಸಿದ ಲೆಕ್ಕದ ಪ್ರಕಾರ ಮಾರೋದೇ ಸರಿ. ಆದಾಯ ಸೊನ್ನೆ ಇರೋ ಆಸ್ತಿಯನ್ನ ಇಟ್ಕೊಂಡು ಏನ್ ಮಾಡೋದು? ತಪ್ಪಿರೋದು ಆ ಲೆಕ್ಕದ ಕಾಲಂಗಳಲ್ಲಿ. ಬೇರು ಹಿಡಿದಿಟ್ಟ ಬೆಟ್ಟದ ಮಣ್ಣು, ಕೆಳಗೆ ಹರಿಯೋ ನೀರು, ಬರಗಾಲದ ಅಟ್ಟದ ಚೀಲ, ಇವಕ್ಕೆ ಅದರಲ್ಲಿ ಕಾಲಂ ಇಲ್ಲ. ಎಡೋ ಕಾಲದ ಅಕ್ಕಿ ಲೆಕ್ಕದಲ್ಲೂ ಇರಲಿಲ್ಲ. ಆಗ ಅದರಿಂದ ಅಪಾಯ ಆಗಲಿಲ್ಲ, ಯಾಕಂದ್ರೆ ಪುಸ್ತಕದ ಹೊರಗೆ ಊರು ತನ್ನದೇ ಲೆಕ್ಕ ಇಟ್ಟುಕೊಂಡಿತ್ತು. ಕಾಯಿ ಆರಿಸೋ ದಿನ ಗೊತ್ತು ಮಾಡ್ತಿದ್ದ, ಗಾದೆ ಹೇಳ್ತಿದ್ದ ಊರು. ಆ ಊರೇ ಖಾಲಿಯಾದಾಗ ಉಳಿದದ್ದು ಹಲಗೆಯ ಬೆಲೆ ಒಂದೇ.

ಸ್ಥಳೀಯರು, ಹೊರಗಿನ ಪರಿಸರದ ಜನ ಸೇರಿ ದನಿ ಎತ್ತಿದ ಮೇಲೆ ಉಳಿದ ಮರಗಳ ರಕ್ಷಣೆಗೆ ದಾರಿಯಾಯ್ತು. ಶಿಗಾ ಪ್ರಾಂತ್ಯದ ಸರ್ಕಾರವೂ ದೊಡ್ಡ ಮರಗಳನ್ನ ಕಡಿಯದೆ ಉಳಿಸಿಕೊಳ್ಳೋ ಮಾಲೀಕರಿಗೆ ನೆರವು ಕೊಡೋ ಕೆಲಸ ಶುರು ಮಾಡಿತು. ಆದ್ರೆ ಇನ್ನೊಂದು ಕಷ್ಟ ಇದೆ, ಜಿಂಕೆ. ಬೇಟೆಗಾರರು ಕಮ್ಮಿಯಾಗಿ ಜಿಂಕೆ ಹೆಚ್ಚಿವೆ. ಬಿದ್ದ ಬೀಜ ತಿನ್ನುತ್ತವೆ, ಮೊಳೆತ ಸಸಿಯನ್ನೂ ಬಿಡಲ್ಲ. ದೊಡ್ಡ ಮರ ಉಳಿದರೂ ಅದರ ಕೆಳಗೆ ಚಿಕ್ಕ ಮರ ಇಲ್ಲ. ಹಾಗಾಗಿ ಕುತ್ಸುಕಿಯ ತೋಚಿಮೋಚಿಗೆ ಹೊರಗಿನಿಂದ ಬೀಜ ತರಿಸೋ ಪರಿಸ್ಥಿತಿಯೂ ಬಂದಿದೆ.

ಕ್ಯೋಟೋ ಪ್ರಾಂತ್ಯದ ಆಯಾಬೆ ನಗರಕ್ಕೆ ಸೇರಿದ ಕೊಯಾ ಅಂತ ಇನ್ನೊಂದು ಕುಗ್ರಾಮ ಇದೆ. ಅಲ್ಲಿ ಉಳಿದವರು ಕೈಬೆರಳಲ್ಲಿ ಎಣಿಸುವಷ್ಟು ಜನ, ಹೆಚ್ಚಿನವರು ವಯಸ್ಸಾದ ಹೆಂಗಸರು. ಆಯಾಬೆ ನಗರಸಭೆ 2007ರಲ್ಲಿ ಇಂಥ ಊರುಗಳನ್ನ 'ನೀರಿನ ಮೂಲದ ಊರು' ಅಂತ ಹೆಸರಿಟ್ಟು ಉಳಿಸೋ ನಿಯಮ ಜಾರಿಗೆ ತಂತು. ಆ ಅಜ್ಜಿಯಂದಿರು ತೋಚಿಯ ತಿಂಡಿಗಳನ್ನ ಮಾಡಿ ಮಾರೋಕೆ ಶುರು ಮಾಡಿದ್ರು. ಬೀಜ ಆರಿಸೋಕೆ, ಜಿಂಕೆಗೆ ಬೇಲಿ ಹಾಕೋಕೆ ಹೊರಗಿನಿಂದ ಸ್ವಯಂಸೇವಕರು ಬಂದ್ರು. ಊರು ದೊಡ್ಡದಾಗಲಿಲ್ಲ. ಆದ್ರೆ ಬೂದಿ ಎಷ್ಟು ಹಾಕಬೇಕು ಅನ್ನೋದನ್ನ ಪಕ್ಕದಲ್ಲಿ ನಿಂತು ನೋಡೋಕೆ ಒಂದಷ್ಟು ಹೊಸ ಕಣ್ಣುಗಳು ಬಂದವು.

ನನಗೆ ಈ ಕತೆಯಲ್ಲಿ ಕಾಡೋದು ಇದೇ. ತೋಚಿಮೋಚಿಗೆ ನಾಲ್ಕು ವಸ್ತು ಬೇಕು. ಹಳೆಯ ಮರ, ಹರಿಯೋ ನೀರು, ಕಟ್ಟಿಗೆ ಬೂದಿ, ಹದ ಗೊತ್ತಿರೋ ಕೈ. ನಾಲ್ಕರಲ್ಲಿ ಒಂದು ತಪ್ಪಿದ್ರೂ ಉಳಿಯೋದು ಬರೀ ವಿಷದ ಕಾಯಿ. ಮರಕ್ಕೆ ಬೇಲಿ ಹಾಕಬಹುದು, ಬೂದಿ ಕೇಳಿ ತರಬಹುದು. ಕೈಯ ಹದವನ್ನ ಮಾತ್ರ ಒಂದು ತಲೆಮಾರು ಬಿಟ್ಟು ಇನ್ನೊಂದರಲ್ಲಿ ಪುನಃ ಶುರು ಮಾಡೋದು ತುಂಬಾ ಕಷ್ಟ. ಜೋಮೋನ್ ಜನಕ್ಕೆ ಅದನ್ನ ಕಂಡುಕೊಳ್ಳೋಕೆ ಎಷ್ಟು ಸಲ ಹೊಟ್ಟೆ ಕೆಟ್ಟಿರಬೇಕು, ಯೋಚನೆ ಮಾಡಿ.

ಮುಗಿಸೋ ಮುಂಚೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲೂ ಯಾರಿಗೋ ಒಬ್ಬರಿಗೆ ಮಾತ್ರ ಹದ ಗೊತ್ತಿರೋ ಒಂದು ಅಡುಗೆ ಇದ್ದೇ ಇರುತ್ತೆ. ಎಷ್ಟು ಹಾಕಬೇಕು ಅಂತ ಕೇಳಿದ್ರೆ "ಕಣ್ಣಂದಾಜು" ಅಂತಾರಲ್ಲ, ಅವರು. ಮುಂದಿನ ಸಲ ಊರಿಗೆ ಹೋದಾಗ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅದು ಬೇಕು. ಆಮೇಲೆ ಫೋನ್ ಕೆಳಗಿಟ್ಟು, ಅವರ ಪಕ್ಕ ನಿಂತು ಒಂದು ಸಲ ನೀವೇ ಮಾಡಿ ನೋಡಿ. ಕೆಟ್ಟರೆ ಕೆಡಲಿ, ಇನ್ನೊಂದು ಸಲ ಮಾಡಿ. ಹೇಗೆ ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಕೇಳಿಸ್ತೀನಿ.

ಮತ್ತೆ ಸಿಗೋಣ. ನಮಸ್ಕಾರ.